ಎಚ್‌ಪಿ ಎಂಜಿನ್ನಿಗೋ, ಮೀಸೆಗೋ?

ಅಲ್ರೀ, ನಿಮ್ಮ ಫೋನ್ ಒಂಚೂರು ಇತ್ತ ಕೊಡ್ರಿ. ಹೆದರಬ್ಯಾಡ್ರಿ, ಮೆಸೇಜ್ ಓದೋದಿಲ್ಲ, ಗ್ಯಾಲರಿ ಅಷ್ಟೇ. ಹಾಂ, ಮಗಳ ಬರ್ತ್‌ಡೇ ಫೋಟೋ ಎರಡು, ತೊಗರಿ ಬೆಳೆದು ಒಂದು, ಆಧಾರ್ ಕಾರ್ಡಿಂದು ಒಂದು. ಉಳಿದದ್ದೆಲ್ಲ ಟ್ರ್ಯಾಕ್ಟರ್! ಮುಂದಿನಿಂದ, ಹಿಂದಿನಿಂದ, ಬಾನೆಟ್ ಎತ್ತಿ, ಬಾನೆಟ್ ಮುಚ್ಚಿ. ಎಲ್ಲದರ ಕೆಳಗೂ ಅದೇ ಸಾಲು: ‘ಸೆಕೆಂಡ್ ಹ್ಯಾಂಡ್, ಫುಲ್ ಕಂಡೀಷನ್, ರೇಟು ಫೋನ್ ಮಾಡಿ ಕೇಳಿ.’

ಸಿಕ್ಕಿಬಿದ್ರಿ, ಅಲ್ಲಾ? ನಾಚ್ಕೋಬ್ಯಾಡ್ರಿ, ಈ ರೋಗ ನಿಮಗೊಬ್ಬರಿಗೇ ಅಲ್ಲ. ರಸ್ತೆ ಪಕ್ಕ ‘ಮಾರಾಟಕ್ಕಿದೆ’ ಅಂತ ರಟ್ಟಿನ ಬೋರ್ಡ್ ಕಟ್ಟಿಕೊಂಡು ಒಂದು ದೊಡ್ಡ ಗಾಡಿ ನಿಂತಿದ್ದರೆ ನಿಮ್ಮ ಬೈಕಿನ ಬ್ರೇಕು ತಾನಾಗೇ ಬೀಳ್ತದೆ. (ಹಿಂದೆ ಕೂತ ಯಜಮಾನಿ “ಯಾಕ ನಿಂದ್ರಿಸಿದ್ರಿ?” ಅಂದರೆ “ಏನಿಲ್ಲ, ಫೋನ್ ಬಂದಂಗಾತು” ಅಂತೀರಿ. ಫೋನ್ ಬಂದಿರೋದಿಲ್ಲ.)

ಅದೂ ಎಂಥ ಗಾಡಿ? 30, 35 ಎಚ್‌ಪಿದು ತೋರಿಸಿದರೆ ನಿಮ್ಮ ಮೂಗು ಸೊಟ್ಟ ಆಗ್ತದೆ. “ಬಿಡ್ರಿ, ಅದು ದ್ರಾಕ್ಷಿ ತೋಟದವರಿಗೆ ಸರಿ” ಅಂತೀರಿ. ನಿಮಗೆ ಬೇಕಾದದ್ದು 55, ಸಿಕ್ಕರೆ 60. ಹಿಂದಿನ ಗಾಲಿ ಎದೆಮಟ್ಟ ಬರಬೇಕು, ಸೈಲೆನ್ಸರ್ ಸದ್ದು ಊರ ಅಗಸಿ ದಾಟಬೇಕು, ಸೆಲ್ಫ್ ಹೊಡೆದರೆ ಎದುರುಮನೆ ಕಿಟಕಿ ನಡುಗಬೇಕು. ಹೌದೋ ಅಲ್ಲೋ?

ಈಗ ಒಂದು ಪ್ರಶ್ನೆ, ಯಾರಿಗೂ ಕೇಳದಂಗೆ. ಹೊಲ ಎಷ್ಟದೆ? ಕೆಮ್ಮಬ್ಯಾಡ್ರಿ, ಹೇಳ್ರಿ. 2015–16ರ ಕೃಷಿ ಗಣತಿ ಪ್ರಕಾರ ನಮ್ಮ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಅಂದರೆ ಹೆಚ್ಚುಕಮ್ಮಿ 3 ಎಕರೆ 14 ಗುಂಟೆ. ಇದನ್ನ 55 ಕುದುರೆಗೆ ಹಂಚಿ ನೋಡ್ರಿ, ಒಂದೊಂದು ಕುದುರೆಗೆ ಎರಡೂವರೆ ಗುಂಟೆಯೂ ಬರೋದಿಲ್ಲ. ಪಾಪ, ಅವು ಮೇಯೋದೆಲ್ಲಿ, ತಿರುಗೋದೆಲ್ಲಿ?

“ನಮ್ಮದು ಹತ್ತು ಎಕರೆ ಅದೆ ಮಾರಾಯ್ರೆ” ಅಂತ ನೀವು ಎದೆ ಸೆಟೆಸಬಹುದು. (ಅದರಲ್ಲಿ ನಾಲ್ಕು ಅಣ್ಣಂದು, ಎರಡು ಇನ್ನೂ ಕೋರ್ಟಿನಲ್ಲಿ.) ಸರಿ, ಹತ್ತೇ ಅನ್ನೋಣ. ಏಳು ಫೂಟಿನ ರೋಟಾವೇಟರ್ ಹಾಕಿದರೆ ಎರಡು ದಿನದ ಕೆಲಸ. ಆಮೇಲೆ ಗಾಡಿ ಏನು ಮಾಡ್ತದೆ? ನಿಮ್ಮ ಮನೆ ಮುಂದೆ ನಿಂತು ನಿಮ್ಮ ಮರ್ಯಾದೆ ಕಾಯ್ತದೆ!

ಅಲ್ಲಿಗೆ ಬಂತು ನೋಡ್ರಿ ಮಾತು. ನೀವು ಮನೆಯಲ್ಲಿ ಹೇಳೋ ಕಾರಣಗಳು ನನಗೂ ಬಾಯಿಪಾಠ. ಬಾಡಿಗೆ ಹೊಡೆದರೆ ವರ್ಷದಾಗ ಗಾಡಿ ದುಡ್ಡು ವಾಪಸ್. ಕಬ್ಬಿನ ಸೀಸನ್‌ನಾಗ ಫ್ಯಾಕ್ಟರಿಗೆ ಬಿಟ್ಟರೆ ಲಾಭವೋ ಲಾಭ. ಎತ್ತಿನ ಮೇವಿನ ಖರ್ಚು ಉಳೀತು. ಒಂದಾದರೂ ಸುಳ್ಳಾ? ಅಲ್ಲ. ಆದರೆ ನಿಜವಾದ ಕಾರಣ ಪಕ್ಕದ ಹೊಲದವನು ಹೋದ ದೀಪಾವಳಿಗೆ 50 ಎಚ್‌ಪಿದು ತಂದ, ಹೌದಲ್ಲ?

ಆತ 50 ತಂದ ಅಂದಮೇಲೆ ನಿಮ್ಮದು 55 ಆಗಲೇಬೇಕು. ನೀವು 55 ತಂದರೆ ನಿಮ್ಮ ಬೀಗರು 60 ನೋಡ್ತಾರೆ. ಈ ಓಟದಲ್ಲಿ ಹೊಲ ಮಾತ್ರ ಒಂದು ಗುಂಟೆಯೂ ದೊಡ್ಡದಾಗೋದಿಲ್ಲ. (ಅಣ್ಣತಮ್ಮಂದಿರ ಪಾಲಾದಾಗಲೆಲ್ಲ ಸಣ್ಣದಾಗ್ತದೆ, ಆ ಮಾತು ಬೇರೆ.)

ಚಹಾದಂಗಡಿ ಕಟ್ಟೆ ಮೇಲೆ ನಿಮ್ಮ ಜ್ಞಾನ ಕೇಳಬೇಕು! 605 ಅಂದರೆ ಅರ್ಜುನ್, 5310 ಅಂದರೆ ಜಾನ್ ಡಿಯರ್, 3630 ಅಂದರೆ ನ್ಯೂ ಹಾಲೆಂಡ್, 855 ಅಂದರೆ ಸ್ವರಾಜ್. ಕಂಪನಿ ಹೆಸರು ಹೇಳೋದೇ ಬೇಕಿಲ್ಲ, ನಂಬರು ಸಾಕು. ಮಗ ಎಷ್ಟನೇ ಕ್ಲಾಸು ಅಂತ ಕೇಳಿದರೆ ಮಾತ್ರ “ಏಳೋ, ಎಂಟೋ… ಅವನವ್ವಗ ಗೊತ್ತು” ಅಂತೀರಿ.

ಆ ಕಟ್ಟೆಯಲ್ಲಿ ಒಬ್ಬ ಹಿರಿಯರು ಇದ್ದೇ ಇರ್ತಾರೆ. “ಇವೆಲ್ಲ ಗಾಡಿ ಏನೋ, ಎಚ್‌ಎಂಟಿ 5911 ನೋಡೀಯೇನು?” ಅಂತ ಒಂದು ಮಾತು ಒಗೀತಾರೆ. ಎಲ್ಲರೂ ಗಪ್‌ಚುಪ್. ವಾಚಿಗೆ ಹೆಸರಾದ ಅದೇ ಎಚ್‌ಎಂಟಿ, ಹೆಡ್ ಆಫೀಸು ಬೆಂಗಳೂರು. ಚೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ತಂತ್ರಜ್ಞಾನ ತಂದು 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಶುರು ಮಾಡಿತ್ತು.

ಆ 5911ರ ಹುಚ್ಚು ಎಷ್ಟು ಅಂದರೆ, ಪಂಜಾಬಿನ ಗಾಯಕ ಸಿಧು ಮೂಸೆವಾಲಾ ತನ್ನ ಮ್ಯೂಸಿಕ್ ಲೇಬಲ್ಲಿಗೇ ‘5911 ರೆಕಾರ್ಡ್ಸ್’ ಅಂತ ಹೆಸರಿಟ್ಟಿದ್ದ. ಹಾಡು ಕೇಳಿ ನಿಮಗೂ ಆಸೆ ಬಂತಾ? ಬರಲಿ. ಆದರೆ ಆ ಟ್ರ್ಯಾಕ್ಟರ್ ವಿಭಾಗ ಮುಚ್ಚೋದಕ್ಕೆ ಕೇಂದ್ರ ಸಂಪುಟ 2016ರಲ್ಲೇ ಒಪ್ಪಿಗೆ ಕೊಟ್ಟಾಗಿದೆ. ಗಾಡಿ ಸಿಕ್ಕರೂ ಪಾರ್ಟು ಹುಡುಕಿಕೊಂಡು ಊರೂರು ತಿರುಗೋದು ನೀವೇ, ಹಾಡುಗಾರರಲ್ಲ.

“ಹೊಸದೇ ಯಾಕ ತಗೋಬಾರದು?” ಅಂತ ಕೇಳಿದರೆ ನೀವು ಗುರುಗಳ ಥರ ಕಣ್ಣು ಮುಚ್ಚಿ ತಲೆ ಆಡಿಸ್ತೀರಿ. ಇಲ್ಲಿ ಮಾತ್ರ ನಿಮ್ಮ ಮಾತಿನಲ್ಲಿ ಹುರುಳಿದೆ, ಒಪ್ಪಿದೆ. 2023ರ ಜನವರಿ 1ರಿಂದ 50 ಎಚ್‌ಪಿ ದಾಟಿದ ಹೊಸ ಟ್ರ್ಯಾಕ್ಟರ್‌ಗಳಿಗೆ ಹೊಗೆಯ ಹೊಸ ಕಾನೂನು ಬಂತು, ಟ್ರೆಮ್ 4 ಅಂತ. ಹಳೇ ಮೆಕ್ಯಾನಿಕಲ್ ಪಂಪು ಹೋಗಿ ಕಾಮನ್ ರೈಲು, ಸೆನ್ಸರು, ಕಂಪ್ಯೂಟರು ಬಂದವು. ರೇಟೂ ಮೇಲೆ ಹೋಯ್ತು.

ಮುಂಚೆ ಆದರೆ ನಡುಹೊಲದಲ್ಲಿ ಗಾಡಿ ನಿಂತರೆ ಮಿಸ್ತ್ರಿ ಬರ್ತಿದ್ದ, ಡೀಸೆಲ್ ಪೈಪ್ ಬಿಚ್ಚಿ ಏರ್ ತೆಗೀತಿದ್ದ, ಚಹಾ ಕುಡಿದು ಹೋಗ್ತಿದ್ದ. ಈಗ ಲ್ಯಾಪ್‌ಟಾಪ್ ಹಿಡಿದ ಹುಡುಗ ಬರಬೇಕು. (ಅವನು ಚಹಾ ಕುಡಿಯೋದಿಲ್ಲ, ಬಿಲ್ ಕೊಡ್ತಾನೆ.) ಅದಕ್ಕೇ 2022ರೊಳಗಿನ ದೊಡ್ಡ ಗಾಡಿಗಳ ಹಿಂದೆ ನೀವೂ ನಿಮ್ಮಂಥವರೂ ಬಿದ್ದಿರೋದು.

ಆದರೆ ಒಂದು ಲೆಕ್ಕ ಮರೆತಿದ್ದೀರಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12 ಪರ್ಸೆಂಟಿನಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 9 ಲಕ್ಷದ ಗಾಡಿ ಅಂದರೆ 63,000 ರೂಪಾಯಿ ಉಳೀತು. ಹಳೇ ಗಾಡಿ ಮಾರೋನು ಮಾತ್ರ ಹಳೇ ರೇಟಿನ ಪುರಾಣವನ್ನೇ ಓದ್ತಿರ್ತಾನೆ. ಕೇಳಿಕೊಂಡು ಕೂತಿದ್ದರೆ ತಪ್ಪು ಪುರಾಣದ್ದಲ್ಲ, ಕಿವಿದು.

ಇನ್ನು ಈ ಎಚ್‌ಪಿ ಅನ್ನೋದಿದೆಯಲ್ಲ, ಬಾನೆಟ್ ಮೇಲೆ ಬರೆದಿರೋದು ಎಂಜಿನ್ ಲೆಕ್ಕ. ನಿಮ್ಮ ರೋಟಾವೇಟರ್ ತಿರುಗಿಸೋದು ಹಿಂದಿನ ಪಿಟಿಒ ಶಾಫ್ಟು, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು. ಅಲ್ಲಿಗೆ ಬರೋ ಹೊತ್ತಿಗೆ ಹತ್ತರಿಂದ ಹದಿನೈದು ಪರ್ಸೆಂಟ್ ದಾರಿಯಲ್ಲೇ ಸೋರಿರ್ತದೆ. 55 ಅಂತ ಹೊಗಳಿದ್ದು ಕೈಗೆ ಸಿಗೋದು 47, 48. ಅದೂ ಗಾಡಿ ಹೊಸದಿದ್ದಾಗ!

ಹಾಗಾದರೆ ದೊಡ್ಡ ಗಾಡಿ ಯಾರಿಗೂ ಬೇಡವಾ? ಬೇಕು, ಬೇಕು. ಗದಗ, ನವಲಗುಂದದ ಎರೆಹೊಲದಲ್ಲಿ ಪಲ್ಟಿ ನೇಗಿಲು ಆಳಕ್ಕೆ ಇಳಿಸೋದಕ್ಕೆ ಬೇಕು. ಏಳು ಫೂಟಿನ ರೋಟಾವೇಟರಿಗೆ ಬೇಕು. ಎರಡು ಡಬ್ಬಿ ಕಬ್ಬು ಎಳೆಯೋದಕ್ಕೆ ಬೇಕು. ಬಿತ್ತೋದಕ್ಕೆ? ಹತ್ತಿ ಸಾಲಿನಲ್ಲಿ ಎಡೆ ಹೊಡೆಯೋದಕ್ಕೆ? ಔಷಧ ಹೊಡೆಯೋದಕ್ಕೆ? ಬೇಡ ಮಾರಾಯ್ರೆ. ಎರಡು ಟನ್ನಿಗೂ ಮಿಕ್ಕಿದ ಗಾಡಿ ಹಸಿ ಹೊಲದಲ್ಲಿ ಇಳಿದರೆ ಮಣ್ಣು ಒತ್ತಿ ಗಟ್ಟಿಯಾಗ್ತದೆ, ಬೇರು ಇಳಿಯೋದಿಲ್ಲ.

ಸರಿ, ನೀವು ಕೇಳೋ ಪೈಕಿ ಅಲ್ಲ. ನಾಳೆ ಗಾಡಿ ನೋಡೋಕೆ ಹೊರಟೇಬಿಟ್ರಿ ಅನ್ನೋಣ. ಯಾರ್ಯಾರು ಹೋಗ್ತೀರಿ? ನೀವು, ನಿಮ್ಮ ಭಾವಮೈದುನ, ‘ಎಲ್ಲ ತಿಳಿದಾತ’ ಒಬ್ಬ, ಅವನ ಗೆಳೆಯ ಒಬ್ಬ, ದಾರಿಯಲ್ಲಿ ಸಿಕ್ಕಾತ ಒಬ್ಬ. (ಮಿಸ್ತ್ರಿಯನ್ನು ಕರಕೊಂಡು ಹೋಗ್ರಿ ಅಂದರೆ “ಅವಂಗ ಸುಮ್ನ ಐನೂರು ಕೊಡಬೇಕು” ಅಂತೀರಿ. ಐದು ಜನರ ಊಟಕ್ಕೆ ಅದರ ಎರಡರಷ್ಟು ಆಗ್ತದೆ, ಅದು ಲೆಕ್ಕಕ್ಕಿಲ್ಲ.)

ನಿಮ್ಮ ಅಪ್ಪ, ಅಜ್ಜ ಎತ್ತಿನ ಸಂತೆಗೆ ಹೋಗ್ತಿದ್ದ ರೀತಿ ನೆನಪಿದೆಯಾ? ಹಲ್ಲು ಬಿಡಿಸಿ ವಯಸ್ಸು ನೋಡ್ತಿದ್ದರು, ಸುಳಿ ನೋಡ್ತಿದ್ದರು, ಗೊರಸು ಎತ್ತಿಸಿ ನೋಡ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡ್ತಿದ್ದರು. ಆಮೇಲಷ್ಟೇ ಟವೆಲಿನ ಕೆಳಗೆ ಬೆರಳು ಹಿಡಿಯೋದು. ಅವರ ಮಗ ನೀವು ಟ್ರ್ಯಾಕ್ಟರಿನ ಮುಂದೆ ನಿಂತು ಮಾಡೋದೇನು? ಟಯರಿಗೆ ಕಾಲಿಂದ ಒಂದು ಒದೀತೀರಿ. ಹಾರ್ನ್ ಒತ್ತಿ ನೋಡ್ತೀರಿ. ಹತ್ತಿ ಕೂತು ಸ್ಟೇರಿಂಗ್ ಹಿಡಿದು ಫೋಟೋ ತೆಗೆಸ್ಕೋತೀರಿ. ಮುಗೀತು ಪರೀಕ್ಷೆ!

ಆ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹೋಗಿದ್ದನ್ನು ಮಾರೋನು ನೋಡಿಯೇ ನೋಡ್ತಾನೆ. ನೋಡಿದ ಕ್ಷಣಕ್ಕೆ ಹತ್ತು ಸಾವಿರ ಏರಿತು ಅಂತ ತಿಳಕೊಳ್ರಿ. ಇಷ್ಟ ಆಯ್ತು ಅನ್ನೋದನ್ನ ಮುಖದ ಮೇಲೆ ಬರಕೊಂಡು ಚೌಕಾಸಿಗೆ ಇಳಿಯೋ ಧೈರ್ಯ ನಿಮ್ಮೊಬ್ಬರದೇ.

ಇನ್ನು ಬ್ರೋಕರ್. “ಅಣ್ಣಾರ, ಒಂದ ಕೈ ಗಾಡಿ ಐತ್ರಿ. ಮಾಸ್ತರ್ ಗಾಡಿ. ಬರೇ ಮನಿ ಹೊಲ ಹೊಡದೈತಿ, ಕಬ್ಬಿನ ಡಬ್ಬಿ ಮಾರಿ ನೋಡಿಲ್ಲ.” ನಮ್ಮ ಕಡೆ ಮಾರಾಟಕ್ಕೆ ಬರೋ ಹಳೇ ಗಾಡಿಗಳೆಲ್ಲ ಮಾಸ್ತರರದೇ ಆಗಿದ್ದರೆ ಸಾಲಿಯಲ್ಲಿ ಪಾಠ ಹೇಳಿದವರು ಯಾರು ಅಂತ ನೀವು ಎಂದಾದರೂ ಕೇಳಿದ್ದೀರಾ? ಇಲ್ಲ. ತಲೆ ಆಡಿಸ್ತೀರಿ.

ಮಾತು ಬಿಟ್ಟು ಗಾಡಿಯ ಹಿಂದಕ್ಕೆ ಹೋಗ್ರಿ. ಡಬ್ಬಿ ಸಿಗಿಸೋ ಹುಕ್ಕಿನ ತೂತು ನೋಡ್ರಿ, ಪಿನ್ನು ನೋಡ್ರಿ. ತೂತು ದುಂಡಗಿದ್ದರೆ ಮಾಸ್ತರ್ ಮಾತು ಅರ್ಧ ನಂಬಬಹುದು. ಸವೆದು ಉದ್ದಕ್ಕೆ ಆಗಿದ್ದರೆ ಆ ಗಾಡಿ ಮುಧೋಳ, ಅಥಣಿ ಕಡೆ ಎರಡು ಡಬ್ಬಿ ಎಳೆದು, ಹಾಡು ಹಾಕಿಕೊಂಡು, ಫ್ಯಾಕ್ಟರಿ ಗೇಟಿನ ಪಾಳಿಯಲ್ಲಿ ರಾತ್ರಿಯೆಲ್ಲ ನಿಂತು ಬಂದಿದೆ. ಹಾಗಿದ್ದರೆ ಕ್ಲಚ್ಚು, ಬ್ರೇಕು, ಮುಂದಿನ ಆಕ್ಸಲ್ ಮೇಲೆ ಎರಡೆರಡು ಸಲ ಕಣ್ಣು ಹಾಯಿಸ್ರಿ.

ಗಂಗಾವತಿ, ಸಿಂಧನೂರು ಕಡೆಯದಾ? ತುಂಗಭದ್ರೆ ಕಾಲುವೆ ನೀರಿನ ಭತ್ತದ ಗದ್ದೆ ಅದು. ಕೇಜ್‌ವೀಲ್ ಹಾಕಿ ರಾಡಿಯಲ್ಲಿ ಆಕ್ಸಲ್ ಮಟ್ಟ ಮುಳುಗಿ ದುಡಿದಿರ್ತದೆ. ಸೀಲ್ ಹೋಗಿದ್ದರೆ ಒಳಗೆ ನೀರು ಸೇರಿರ್ತದೆ. ಗೇರ್‌ಬಾಕ್ಸಿನ ಆಯಿಲ್ ಗೇಜ್ ಎಳೆದು ನೋಡ್ರಿ, ಬಿಳಿಚಿಕೊಂಡಿದ್ದರೆ ಗದ್ದೆ ನೀರು ಒಳಗೇ ಇದೆ ಅಂತ ಅರ್ಥ. (ಮೇಲಿನ ಪೇಂಟು ಮಾತ್ರ ಫಳಫಳ ಅಂತಿರ್ತದೆ.)

ಎರೆಸೀಮೆ ಗಾಡಿ ಆದರೆ ಹಿಂದಿನ ಹೈಡ್ರಾಲಿಕ್ ಲಿಫ್ಟು ನೋಡ್ರಿ. ಬರೀ ಕೈ ಎತ್ತಿ ಇಳಿಸಿ ತೋರಿಸಿದರೆ ಒಪ್ಪಬ್ಯಾಡ್ರಿ. ನೇಗಿಲೋ ರೋಟಾವೇಟರೋ ಸಿಗಿಸಿ, ಪೂರ್ತಿ ಎತ್ತಿಸಿ, ಎಂಜಿನ್ ಬಂದ್ ಮಾಡಿಸ್ರಿ. (ಕೆಳಗೆ ಕಾಲು ಇಡಬ್ಯಾಡ್ರಿ, ಪುಣ್ಯ ಬರ್ತದೆ.) ಒಂದು ಚಹಾ ಕುಡಿದು ಮುಗಿಸೋದರೊಳಗೆ ಅದು ನೆಲ ಮುಟ್ಟಿದ್ದರೆ ಲಿಫ್ಟಿನ ಕೆಲಸ ಬಾಕಿ ಇದೆ, ಆ ದುಡ್ಡು ರೇಟಿನಲ್ಲಿ ಮುರಕೊಳ್ರಿ. ಇಟ್ಟಿಗೆ, ಮರಳು, ಜಲ್ಲಿ ಹೊತ್ತ ಗಾಡಿ ಅಂತ ಗೊತ್ತಾದರೆ ಚಹಾ ಕುಡಿದು ಸೀದಾ ಎದ್ದು ಬರ್ರಿ.

ಇನ್ನು ಎಂಜಿನ್. ನೀವು ಹೋದ ಕೂಡಲೇ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತಾ? ಖುಷಿ ಪಟ್ರಾ? ಬಾನೆಟ್ ಮುಟ್ಟಿ ನೋಡಿದ್ರಾ? ಬೆಚ್ಚಗಿತ್ತು! ನೀವು ಬರೋ ಅರ್ಧ ಗಂಟೆ ಮೊದಲೇ ಅದಕ್ಕೆ ಸುಪ್ರಭಾತ ಆಗಿತ್ತು ಸ್ವಾಮಿ. ಹೇಳಿದ ಟೈಮಿಗೆ ಹೋಗಬ್ಯಾಡ್ರಿ. (ಹೆಂಗೂ ನೀವು ಹೇಳಿದ ಟೈಮಿಗೆ ಎಲ್ಲೂ ಹೋದವರಲ್ಲ. ಈ ಸಲ ಮಾತ್ರ ಲೇಟಾಗಿ ಅಲ್ಲ, ಬೇಗ ಹೋಗ್ರಿ.) ರಾತ್ರಿಯೆಲ್ಲ ತಣ್ಣಗೆ ಮಲಗಿದ ಎಂಜಿನ್ ಬೆಳಿಗ್ಗೆ ಎದ್ದೇಳೋದರಲ್ಲಿ ಅದರ ವಯಸ್ಸು ತಿಳೀತದೆ.

ಸ್ಟಾರ್ಟ್ ಆದಮೇಲೆ ಹೊಗೆ ನೋಡ್ರಿ. ನೀಲಿ ಬಂದರೆ ಆಯಿಲ್ ಉರೀತಿದೆ, ಎಂಜಿನ್ ಬೋರಿಗೆ ಬಂದಿದೆ. ಭಾರ ಇಲ್ಲದೆಯೂ ಕಪ್ಪು ಬಂದರೆ ಏರ್ ಫಿಲ್ಟರ್, ಪಂಪು, ನಾಜಲ್ ಯಾವುದೋ ಒಂದರ ಕತೆ. ಎಂಜಿನ್ ಕಾದ ಮೇಲೂ ಬಿಳಿ ಹೋಗದಿದ್ದರೆ ಒಳಗೆ ನೀರು ನುಗ್ಗುತ್ತಿರಬಹುದು. ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡ್ರಿ, ಅಲ್ಲಿಂದಲೂ ಬುಸುಬುಸು ಹೊಗೆ ಬಂದರೆ ರಿಂಗು ಸವೆದಿವೆ.

ಆಯಿಲ್ ಗೇಜಿನ ಎಣ್ಣೆ ಹಾಲಿನ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡ್ರಿ. ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲ್ತಿದ್ದರೂ ಅದೇ ಅನುಮಾನ. (ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗಲೇ ತೆಗೀರಿ. ಕುದಿಯೋವಾಗ ತೆಗೆದು ಮುಖ ಸುಟ್ಟುಕೊಂಡವರು ಊರಿಗೊಬ್ಬರು ಇದ್ದಾರೆ.) ಇದೆಲ್ಲ ನೋಡೋದಕ್ಕೆ ಡಿಗ್ರಿ ಬೇಡ, ನಾಚಿಕೆ ಬಿಟ್ಟರೆ ಸಾಕು. ಮಾರೋನು ಏನಂದ್ಕೋತಾನೋ ಅನ್ನೋ ನಿಮ್ಮ ಈ ಸಂಕೋಚದ ಮೇಲೇ ಅವನ ಅರ್ಧ ವ್ಯಾಪಾರ ನಿಂತಿರೋದು.

ಬಯಲಿಗೆ ತಂದು ಮೇಲಿನ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ನಿಧಾನ ಬಿಡಿಸ್ರಿ. ಎಂಜಿನ್ ಗಕ್ಕನೆ ಬಂದ್ ಆದರೆ ಕ್ಲಚ್ ಗಟ್ಟಿ. ಏನೂ ಆಗಿಲ್ಲ ಅನ್ನೋ ಹಂಗೆ ಓಡ್ತಾನೇ ಇದ್ದರೆ ಪ್ಲೇಟು ಸವೆದಿದೆ. ಒಂದೊಂದೇ ಗೇರಿನಲ್ಲಿ ಓಡಿಸಿ ನೋಡ್ರಿ, ಕೈ ಬಿಟ್ಟಾಗ ಗೇರು ತಾನೇ ಹಾರಿ ನ್ಯೂಟ್ರಲ್ಲಿಗೆ ಬಂದರೆ ಸುಮ್ಮನೆ ನಗಬ್ಯಾಡ್ರಿ, ಬರೆದಿಟ್ಕೊಳ್ರಿ. ಮುಂದಿನ ಗಾಲಿ ಜಾಕ್ ಹಾಕಿ ಎತ್ತಿಸಿ ಅಲ್ಲಾಡಿಸ್ರಿ, ಗಡಗಡ ಅಂದರೆ ಕಿಂಗ್‌ಪಿನ್ ಬುಷ್ ಹೋಗಿದೆ.

ಮೀಟರ್ ನೋಡಿದ್ರಾ? “ಬರೇ ಎರಡು ಸಾವಿರ ತಾಸು ಓಡೈತ್ರಿ.” ಒಳ್ಳೇದು. ಆದರೆ ಬ್ರೇಕ್ ಪೆಡಲ್ ಸವೆದು ನುಣ್ಣಗೆ ಆಗಿದೆಯಲ್ಲ, ಅದಕ್ಕೆ ಯಾವ ಮೀಟರ್? ಹಳೇ ಮೆಕ್ಯಾನಿಕಲ್ ಮೀಟರ್ ಎಣಿಸೋದು ಎಂಜಿನ್ ಸುತ್ತಿನ ಲೆಕ್ಕದಲ್ಲಿ. ನಿಧಾನ ಓಡಿದರೆ ಒಂದು ತಾಸಿನ ಕೆಲಸಕ್ಕೆ ಒಂದು ತಾಸು ತೋರಿಸೋದಿಲ್ಲ. ಕೇಬಲ್ ಕಿತ್ತಿಟ್ಟರೆ ಏನೂ ತೋರಿಸೋದಿಲ್ಲ! ಪೆಡಲ್, ಸ್ಟೇರಿಂಗ್, ಗೇರ್ ಲಿವರಿನ ಗುಂಡು ಇವು ಮೀಟರಿಗಿಂತ ನಿಯತ್ತಿನವು.

ಟಯರ್ ಒದ್ದಿದ್ದು ಸಾಕು, ಬಗ್ಗಿ ನೋಡ್ರಿ. ಈ ದರ್ಜೆಯ ಗಾಡಿಗೆ ಹಿಂದೆ ಸಾಮಾನ್ಯವಾಗಿ 16.9–28 ಅಳತೆಯವು ಬರ್ತವೆ. ಜೋಡಿ ಹೊಸದು ಹಾಕಿಸೋದಕ್ಕೆ ಹೋದರೆ ಅರ್ಧ ಲಕ್ಷ ದಾಟ್ತದೆ. ಗುಬ್ಬು ಸವೆದಿದೆಯಾ, ಬದಿಯಲ್ಲಿ ಬಿರುಕು ಬಿಟ್ಟಿದೆಯಾ ನೋಡ್ರಿ. ನಾಲ್ಕಂಕಿಯ ತಾರೀಕು ಅಚ್ಚಾಗಿದ್ದರೆ ಮೊದಲೆರಡು ವಾರ, ಕೊನೆಯೆರಡು ವರ್ಷ: 3214 ಅಂದರೆ 2014ರ 32ನೇ ವಾರದ್ದು. (ಮಾರೋನು ಅದನ್ನ ‘ಹೋದ ವರ್ಷ ಹಾಕಿಸಿದ್ದು’ ಅಂತಾನೆ. ಹಾಕಿಸಿದ್ದು ಹೋದ ವರ್ಷವೇ ಇರಬಹುದು, ಹುಟ್ಟಿದ್ದು ಅಲ್ಲ.)

ಇಷ್ಟೆಲ್ಲ ನೋಡಿದಿರಿ, ಭೇಷ್. ಈಗ ನಿಮಗೆ ಬೇಜಾರು ತರಿಸೋ ವಿಷಯ: ಕಾಗದಪತ್ರ. ನಿಮ್ಮ ಮುಖ ಆಗಲೇ ಬಾಡಿತು ನೋಡ್ರಿ. “ಗಾಡಿ ಬಂದ ಮೇಲೆ ಮಾಡಿಸಿದರಾತು ಬಿಡ್ರಿ, ನಮ್ಮವರೇ ಅದಾರ” ಅಂತೀರಿ. ಈ ‘ನಮ್ಮವರು’ ದುಡ್ಡು ಎಣಿಸಿಕೊಳ್ಳೋ ತನಕ ನಮ್ಮವರು, ಆಮೇಲೆ ನಾಟ್ ರೀಚೆಬಲ್.

ಆರ್‌ಸಿ ಮೇಲಿನ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿ ಮೇಲಿನದಕ್ಕೆ ತಾಳೆ ಹಾಕ್ರಿ. ಹೆಸರು ಬದಲಿಗೆ ಫಾರ್ಮ್ 29, ಫಾರ್ಮ್ 30. ಸಾಲದ ಗಾಡಿ ಆಗಿದ್ದರೆ ಬ್ಯಾಂಕ್ ಅಥವಾ ಫೈನಾನ್ಸಿನವರ ಎನ್‌ಒಸಿ, ಜತೆಗೆ ಫಾರ್ಮ್ 35. ಹೊರರಾಜ್ಯದ್ದಾದರೆ ಅಲ್ಲಿನ ಆರ್‌ಟಿಒ ಎನ್‌ಒಸಿ, ಅದು ಫಾರ್ಮ್ 28. ಸಾಲ ತೀರದ ಗಾಡಿ ತಂದರೆ ಉಳುಮೆ ನಿಮ್ಮದು, ಗಾಡಿ ಫೈನಾನ್ಸಿನವರದು. ಒಂದು ದಿನ ಯಾರ್ಡಿಗೆ ಎಳಕೊಂಡು ಹೋಗ್ತಾರೆ, ಊರೆಲ್ಲ ನೋಡ್ತದೆ.

ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒಗೆ ಒಯ್ದು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 14ನೇ ವರ್ಷದ ಗಾಡಿ ಯಾಕೆ ಅಗ್ಗಕ್ಕೆ ಬಂತು ಅಂತ ಈಗ ಹೊಳೀತಾ? ಡಬ್ಬಿಗೆ ಬೇರೆ ನಂಬರು, ಬೇರೆ ಕಾಗದ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬರಬೇಕು. ಗಾಡಿ ಮೇಲಿನ ಸೀಟು ಒಂದೇ, ಡ್ರೈವರಿಂದು. ಮಡ್‌ಗಾರ್ಡ್ ಮೇಲೆ ಕೂತ ನಿಮ್ಮ ಭಾವಮೈದುನನ್ನು ಯಾವ ಇನ್ಶೂರೆನ್ಸ್ ಕಂಪನಿಯೂ ಗುರುತು ಹಿಡಿಯೋದಿಲ್ಲ. ಇಳಿಸ್ರಿ ಅವನನ್ನ.

ಅಂತೂ ಗಾಡಿ ಮನೆಗೆ ಬಂತು ಅನ್ನೋಣ. ಕುಂಕುಮ, ಹೂವಿನ ಹಾರ, ಗಾಲಿ ಕೆಳಗೆ ನಿಂಬೆಹಣ್ಣು, ಬಂಪರಿಗೆ ತೆಂಗಿನಕಾಯಿ. ಬಾನೆಟ್ ಮೇಲೆ ಮನೆದೇವರ ಹೆಸರು, ಹಿಂದೆ ಮಕ್ಕಳ ಹೆಸರು. ಎರಡು ದೊಡ್ಡ ಸ್ಪೀಕರ್. (ಆಯಿಲ್ ಫಿಲ್ಟರ್ ಬದಲಿಸೋದಕ್ಕೆ ದುಡ್ಡು ಸಾಲದೆ ಬಂತು, ಸ್ಪೀಕರಿಗೆ ಹೆಂಗೋ ಹೊಂದಿತು. ಕೇಳಬಾರದು.)

ಮರುದಿನದಿಂದ ನಿಮಗೆ ಎಷ್ಟು ಜನ ನೆಂಟರಿದ್ದಾರೆ ಅಂತ ಗೊತ್ತಾಗ್ತದೆ. “ಕಾಕಾ, ಎರಡ ಸಾಲ ಹೊಡಿಸಿಬಿಡು.” “ಮಾವಾ, ಮದುವಿ ದಿಬ್ಬಣಕ್ಕ ಗಾಡಿ ಬೇಕು.” ಬಾಡಿಗೆಗೆ ಕರೆದವರು “ಸುಗ್ಗಿಗೆ ಕೊಡ್ತೀನಿ” ಅಂತಾರೆ, ಯಾವ ವರ್ಷದ ಸುಗ್ಗಿ ಅಂತ ಹೇಳೋದಿಲ್ಲ. ಡೀಸೆಲ್ ಬಂಕಿನವನು ಸುಗ್ಗಿ ತನಕ ಕಾಯ್ತಾನಾ? ಭಾರ ಬಿದ್ದಾಗ ಈ ಗಾಡಿ ತಾಸಿಗೆ ಆರೇಳು ಲೀಟರ್ ಕುಡೀತದೆ, ಅದಕ್ಕೆ ಉದ್ರಿ ಇಲ್ಲ.

ಅದಕ್ಕೇ ಒಂದು ಹಾಳೆ ತಗೊಂಡು ಕೂಡ್ರಿ. ವರ್ಷಕ್ಕೆ ನಿಮ್ಮ ಹೊಲಕ್ಕೆ ದೊಡ್ಡ ಗಾಡಿ ಎಷ್ಟು ತಾಸು ಬೇಕು? ಅಷ್ಟು ತಾಸಿಗೆ ನಿಮ್ಮೂರಿನ ಬಾಡಿಗೆ ಎಷ್ಟು? ಒಂದು ಕಡೆ ಅದನ್ನ ಬರೀರಿ. ಇನ್ನೊಂದು ಕಡೆ ಸಾಲದ ಬಡ್ಡಿ, ಡ್ರೈವರ್ ಪಗಾರ, ಟಯರು, ಇನ್ಶೂರೆನ್ಸು, ಮಿಸ್ತ್ರಿ. ಎರಡೂ ಕಡೆ ಕೂಡಿಸ್ರಿ. (ಮೀಸೆಗೆ ಒಂದು ಕಾಲಂ ಬೇರೆ ಹಾಕ್ರಿ, ಬೇಡ ಅನ್ನೋದಿಲ್ಲ. ಆದರೆ ಅದನ್ನ ಡೀಸೆಲ್ ಖರ್ಚಿನಲ್ಲಿ ಬಚ್ಚಿಡಬ್ಯಾಡ್ರಿ.)

ಬಾಡಿಗೆ ಕಡೆಯ ಮೊತ್ತ ಕಮ್ಮಿ ಬಂದರೆ 2014–15ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಕೃಷಿ ಯಂತ್ರಧಾರೆ ಕೇಂದ್ರ ನಿಮ್ಮ ಹೋಬಳಿಯಲ್ಲಿದೆಯಾ ವಿಚಾರಿಸ್ರಿ. ಅಲ್ಲಿ ಟ್ರ್ಯಾಕ್ಟರ್, ರೋಟಾವೇಟರ್ ಎಲ್ಲ ಬಾಡಿಗೆಗೆ ಸಿಗ್ತವೆ. ಇಲ್ಲದಿದ್ದರೆ 50 ಎಚ್‌ಪಿ ತಂದು ಮೆರೀತಿರೋ ಆ ಪಕ್ಕದ ಹೊಲದವನನ್ನೇ ಕರೀರಿ. ಅವನಿಗೂ ಕಂತು ಕಟ್ಟಬೇಕು, ಬಂದೇ ಬರ್ತಾನೆ. ಸಾಲ ಅವನದು, ಉಳುಮೆ ನಿಮ್ಮದು. ಇದಕ್ಕಿಂತ ಸೊಗಸಾದ ಸೇಡು ಇನ್ನೊಂದಿಲ್ಲ!

ಲೆಕ್ಕ ಹಾಕಿದ ಮೇಲೂ ದೊಡ್ಡದೇ ಬೇಕು ಅಂತ ಬಂತಾ? ಎರೆಹೊಲ ಹೆಚ್ಚಿದೆ, ಅಣ್ಣತಮ್ಮಂದಿರು ಒಟ್ಟಿಗಿದ್ದೀರಿ, ಬಾಡಿಗೆ ರೊಕ್ಕ ಕೈಗೆ ಕೊಡೋ ಗಿರಾಕಿ ಇದ್ದಾರೆ ಅಂದರೆ ಹಳೇ 55 ಎಚ್‌ಪಿ ಗಾಡಿಯಂಥ ಒಳ್ಳೇ ವ್ಯಾಪಾರ ಇನ್ನೊಂದಿಲ್ಲ. ನಿಶ್ಚಿಂತೆಯಿಂದ ತಗೊಳ್ರಿ. ಕೆಲಸ 45ರಲ್ಲಿ ಮುಗೀತದೆ ಅಂತ ಹಾಳೆ ಹೇಳಿದರೆ 45ಕ್ಕೇ ನಿಲ್ರಿ. ಬೀಗರು ಕೇಳಿದರೆ “ಪಿಟಿಒ ಎಷ್ಟು ಬರ್ತದೆ ನಿಮ್ಮದು?” ಅಂತ ತಿರುಗಿ ಕೇಳ್ರಿ, ಮಾತು ಅಲ್ಲಿಗೆ ನಿಲ್ತದೆ.

ಕೊನೆಗೆ ಒಂದೇ ಒಂದು ಮಾತು ನಡೆಸಿಕೊಡ್ರಿ. ಮೊದಲ ಸಲ ಗಾಡಿ ನೋಡೋಕೆ ಹೋಗೋವಾಗ ಮಿಸ್ತ್ರಿಯನ್ನು ಕರಕೊಂಡು ಹೋಗ್ರಿ, ಅಡ್ವಾನ್ಸ್ ರೊಕ್ಕ ಮನೆಯಲ್ಲೇ ಬಿಟ್ಟು ಹೋಗ್ರಿ. “ನಾಳೆ ಇನ್ನೊಬ್ಬ ಪಾರ್ಟಿ ಬರಾಕತ್ತೈತ್ರಿ” ಅಂತ ಬ್ರೋಕರ್ ಹೇಳೇ ಹೇಳ್ತಾನೆ. ಬರಲಿ ಬಿಡ್ರಿ. ಆ ಗಾಡಿ ಹೋದರೆ ಇನ್ನೊಂದು ಗಾಡಿ ಸಿಗ್ತದೆ. ಕೊಟ್ಟ ಅಡ್ವಾನ್ಸ್ ವಾಪಸ್ ಸಿಗೋದಿಲ್ಲ.